ಓಲಾಡುವ ಹಲಗೆ

ನರಿಮೊಗರು, ಪುತ್ತೂರು ತಾಲೂಕು
ಶನಿವಾರ, 23-11-2024

ನಮ್ಮ ನವ್ಯಾಳ ಅಪ್ಪನಿಗೆ,

ಊರ್ಮಿಳೆಯ ಪ್ರೀತಿಯ ನೆನಪುಗಳು. ಹೇಗಿದ್ದೀರಿ? ಕಳೆದ ಸಲ ಫೋನು ಸಿಕ್ಕಿದಾಗ ಮಾತಿಗಿಂತ ಕೆಮ್ಮೇ ಜಾಸ್ತಿ ಕೇಳಿಸಿತು. ಎಂಜಿನ್ ಕೋಣೆಯ ಸೆಕೆಯಲ್ಲಿ ಬೆವರಿಕೊಂಡು ಬಂದು ಹಾಗೇ ಮೇಲೆ ಗಾಳಿಗೆ ನಿಲ್ಲಬೇಡಿ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿತು. ನೀವು ಕೇಳುವವರಲ್ಲ ಎಂದು ಗೊತ್ತಿರುವುದರಿಂದ ಕಷಾಯದ ಪುಡಿ ಕಳಿಸುತ್ತಿದ್ದೇನೆ. ಒಳ್ಳೆಮೆಣಸು, ಜೀರಿಗೆ, ಕೊತ್ತಂಬರಿ ಹುರಿದು ಅತ್ತೆಯೇ ಪುಡಿ ಮಾಡಿದ್ದು. ಮಿಡಿ ಉಪ್ಪಿನಕಾಯಿಯ ಬಾಟಲಿಯೂ ಇದೆ, ಬಟ್ಟೆ ಸುತ್ತಿ ಇಟ್ಟಿದ್ದೇನೆ. ಕಡಬದ ಅವಿನ್ ಕೊಚ್ಚಿಯಲ್ಲಿ ನಿಮ್ಮ ಹಡಗು ಹತ್ತುವವನಂತೆ. ನಾಳೆ ಬೆಳಿಗ್ಗೆ ಪುತ್ತೂರಿಗೆ ಹೋಗುವ ದಾರಿಯಲ್ಲಿ ನಮ್ಮಲ್ಲಿಗೆ ಬಂದು ಇದನ್ನೆಲ್ಲ ತೆಗೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಪಾಪದ ಹುಡುಗ, ಅವನ ಚೀಲದಲ್ಲಿ ಅವನದ್ದೇ ಬಟ್ಟೆಗೆ ಜಾಗ ಉಳಿದರೆ ಪುಣ್ಯ.

ಈಗ ವಿಷಯಕ್ಕೆ ಬರುತ್ತೇನೆ. ಇದನ್ನು ಫೋನಿನಲ್ಲಿಯೂ ಹೇಳಬಹುದಿತ್ತು. ಆದರೆ ನಾನು ಎರಡು ಮಾತು ಹೇಳುವುದರೊಳಗೆ ನೀವು ನಾಲ್ಕು ತೀರ್ಮಾನ ಮಾಡಿ ಮುಗಿಸಿರುತ್ತೀರಿ. ಕಾಗದದ ನಡುವೆ ಬಾಯಿ ಹಾಕಲಿಕ್ಕೆ ಆಗುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ವಿಷಯ ಅತ್ತೆಯದ್ದು, ಕೆಳಗೆ ಹರಿಯುವ ತೋಡಿನ ಆಚೆ ಮನೆಯ ದೊಡ್ಡಮ್ಮನದ್ದು, ಮತ್ತು ನೀವು ಹೊರಡುವ ಹಿಂದಿನ ದಿನ ತೋಡಿನ ಹತ್ತಿರ ಮಾಡಿ ಹೋದ ಒಂದು ಕೆಲಸದ್ದು. ನೀವು ಹೋದಂದಿನಿಂದ ಅಕ್ಕ ತಂಗಿಯ ನಡುವೆ ಒಂದು ಮಾತಿಲ್ಲ. ನಾಳೆ ಬೆಳಿಗ್ಗೆ ಅದನ್ನು ಸರಿ ಮಾಡಲಿಕ್ಕೆ ಅತ್ತೆ ಹೊರಟಿದ್ದಾರೆ. ಹೇಗೆ ಎಂದು ಕೇಳಿದರೆ ನಿಮ್ಮ ಎದೆ ಧಸಕ್ಕೆನ್ನುತ್ತದೆ. ಆದ್ದರಿಂದ ಸಾಲಾಗಿ ಓದಿ, ಕೊನೆಗೆ ಹಾರಬೇಡಿ.

ಅಕ್ಷರ ಅತ್ತ ಇತ್ತ ವಾಲಿದ್ದರೆ ನನ್ನ ಕೈ ನಡುಗುತ್ತಿದೆ ಎಂದುಕೊಳ್ಳಬೇಡಿ. ನಾನು ಇದನ್ನು ಒಂದು ಓಲಾಡುವ ಹಲಗೆಯ ಮೇಲೆ ನಿಂತು ಬರೆಯುತ್ತಿದ್ದೇನೆ. ನಗಬೇಡಿ, ಇದಕ್ಕೂ ಅತ್ತೆಯ ವಿಷಯಕ್ಕೂ ಸಂಬಂಧ ಉಂಟು. ದಸರಾ ಹೊತ್ತಿಗೆ ಪ್ರೆಸ್ಸಿನವರು ಒಂದು ಶಾಲೆಯ ಸ್ಮರಣ ಸಂಚಿಕೆಯ ಕೆಲಸ ಕೊಟ್ಟಿದ್ದರು. ಅದರ ಬೆನ್ನಿಗೇ ಮದುವೆ ಕರೆಯೋಲೆಗಳು ಬಂದವು. ಕೂತಲ್ಲೇ ಕೂತು ಕಂಪ್ಯೂಟರಿನಲ್ಲಿ ಪುಟ ಕಟ್ಟಿ ಕಟ್ಟಿ ನನ್ನ ಬೆನ್ನು ಹಿಡಿದುಕೊಂಡಿತು. ಒಂದು ದಿನ ಕುರ್ಚಿಯಿಂದ ಏಳಲಿಕ್ಕೇ ಆಗದೆ ನವ್ಯಾ ಕೈ ಹಿಡಿದು ಎಬ್ಬಿಸಿದಳು. ಪುತ್ತೂರಿನ ಫಿಸಿಯೋಥೆರಪಿಯವರು ಬೆನ್ನು ಒತ್ತಿ ನೋಡಿ, ಕೂತು ಮಾಡುವ ಕೆಲಸವನ್ನು ಅರ್ಧವಾದರೂ ನಿಂತು ಮಾಡಿ ಎಂದರು. ನಮ್ಮ ಆಚಾರಿಯನ್ನು ಕರೆಸಿ, ನನ್ನ ಮೊಣಕೈ ಎತ್ತರಕ್ಕೆ ಒಂದು ಮೇಜು ಮಾಡಿಸಿದೆ. ಅವನು ಅಳತೆ ತೆಗೆಯುವಾಗ “ಇದರಲ್ಲಿ ನಿಂತು ಭಾಷಣ ಮಾಡ್ಲಿಕ್ಕಾ ಅಕ್ಕ?” ಎಂದು ಬಹಳ ಗಂಭೀರವಾಗಿ ಕೇಳಿದ. ಮೇಜು ಚೆನ್ನಾಗಿಯೇ ಆಯಿತು. ಆದರೆ ನೆಟ್ಟ ಕಂಬದ ಹಾಗೆ ನಿಂತು ಬೆನ್ನಿನ ನೋವು ಮೊಣಕಾಲಿಗೆ ಇಳಿಯಿತು. ಮತ್ತೆ ಅವರಲ್ಲಿಗೆ ಹೋದರೆ, ನಿಲ್ಲಬೇಕು ನಿಜ, ಆದರೆ ಅಲ್ಲಾಡದೆ ನಿಂತರೆ ಪ್ರಯೋಜನವಿಲ್ಲ, ಬ್ಯಾಲೆನ್ಸ್ ಬೋರ್ಡ್ ತರಿಸಿ ಎಂದರು.

ಅದು ಪಾರ್ಸೆಲಿನಲ್ಲಿ ಬಂತು. ನೋಡಲಿಕ್ಕೆ ಊಟದ ಮಣೆಗಿಂತ ಸ್ವಲ್ಪ ದೊಡ್ಡ ಹಲಗೆ, ಅಡಿಯಲ್ಲಿ ತೆಂಗಿನಕಾಯಿಯ ಅರ್ಧ ಗಡಿಯನ್ನು ಕವುಚಿ ಅಂಟಿಸಿದ ಹಾಗೆ ಒಂದು ಉಬ್ಬು. ಅದರ ಮೇಲೆ ಎರಡು ಕಾಲು ಅಗಲಿಸಿ ನಿಂತರೆ ಹಲಗೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ವಾಲುತ್ತದೆ. ಬೀಳದೆ ನಿಂತು, ಎದುರಿನ ಮೇಜಿನ ಮೇಲೆ ಕೆಲಸವನ್ನೂ ಮಾಡಬೇಕು. ಮೊದಲ ದಿನ ನಾನು ಪ್ರತಿ ಸಲ ವಾಲಿದಾಗಲೂ ಮೇಜು ಹಿಡಿಯಲು ಹೋಗಿ ಕೀಲಿಮಣೆಯನ್ನೇ ಹಿಡಿದೆ. ಯಾರದೋ ಮಗನ ಹೆಸರಿನ ನಡುವೆ ಒಂದು ಸಾಲು ತುಂಬ ದೀರ್ಘದ ಗುರುತೇ ಬಂತು. ನವ್ಯಾ ಬಿದ್ದು ಬಿದ್ದು ನಕ್ಕಳು. ಅತ್ತೆ ಮಾತ್ರ ನಗಲಿಲ್ಲ. ಕಿಟಕಿಯ ಬಳಿಯ ಬೆಂಚಿನಲ್ಲಿ ಕೂತು ಹರಿವೆ ಸೋಸುತ್ತಿದ್ದವರು, ದುಡ್ಡು ಕೊಟ್ಟು ಬೀಳುವ ಸಾಮಾನು ತರಿಸುವವರನ್ನು ತಾನು ಇವತ್ತೇ ನೋಡಿದ್ದು ಎಂದರು. ಅವರು ಅದಕ್ಕೆ ತೂಗುಮಣೆ ಎಂದು ಹೆಸರಿಟ್ಟರು. ಈಗ ಮನೆಯಲ್ಲಿ ಎಲ್ಲರಿಗೂ ಅದು ತೂಗುಮಣೆಯೇ.

ಎರಡನೆಯ ದಿನವೋ ಮೂರನೆಯ ದಿನವೋ ಅವರಿಗೆ ತಡೆಯಲಿಲ್ಲ. “ಎಂತ ಮಾರಾಯ್ತಿ, ಕಾಲು ನೋಡುದು ನೀನು? ಕಾಲು ಎಲ್ಲಿಗೂ ಓಡಿ ಹೋಗುದಿಲ್ಲ. ಕಿಟಕಿಯಿಂದ ಆಚೆ ಬದಿಯ ನೇರಳೆ ಮರ ಕಾಣುದಿಲ್ವಾ, ಅದನ್ನು ನೋಡು” ಎಂದರು. ನೋಡಿದೆ. ಹಲಗೆ ತಾನಾಗಿ ಸಮ ನಿಂತಿತು. ನನಗೆ ಮೈ ಜುಮ್ಮೆಂದಿತು. ಹಲಗೆ ನಿಂತದ್ದಕ್ಕಲ್ಲ, ಅದೇ ಮಾತನ್ನು ಅವರ ಬಾಯಿಂದ ಮೊದಲೊಮ್ಮೆ ಕೇಳಿದ್ದೆನಲ್ಲ, ಅದಕ್ಕೆ. ನಾನು ಸುಳ್ಯ ಪೇಟೆಯಲ್ಲಿ ಬಸ್‌ಸ್ಟ್ಯಾಂಡಿನ ಹಿಂದೆ ಬೆಳೆದವಳು. ಮದುವೆಯಾಗಿ ಬಂದ ವಾರ ತೋಡಿನ ಸಂಕದ ಎದುರು ನಿಂತು, ಎರಡು ಅಡಿಕೆ ಮರದ ಕಾಂಡ ಅಡ್ಡ ಹಾಕಿದ್ದಕ್ಕೆ ಇವರು ಸೇತುವೆ ಎನ್ನುತ್ತಾರಲ್ಲ ಎಂದು ಅಳು ಬಂದಿತ್ತು. ನೀವು ಆಗ ಹಡಗಿಗೆ ಹೊರಡಲು ಬಟ್ಟೆ ತುಂಬುತ್ತಿದ್ದಿರಿ. ಅತ್ತೆ ಮುಂದೆ ನಡೆಯುತ್ತಾ ಹಿಂದಕ್ಕೆ ಚಾಚಿದ ಕೈಯ ಒಂದೇ ಒಂದು ಬೆರಳನ್ನು ನನಗೆ ಹಿಡಿಯಲು ಕೊಟ್ಟು, ನೇರಳೆ ಮರ ನೋಡುತ್ತಾ ಬಾ ಎಂದು ದಾಟಿಸಿದ್ದರು. ಆಚೆ ಬದಿಯಲ್ಲಿ ದೊಡ್ಡಮ್ಮ ಕಾಯುತ್ತಿದ್ದರು. “ಪೇಟೆಯ ಹುಡುಗಿ ಚಪ್ಪಲಿ ನೀರಿಗೆ ಬಿಡದೆ ಬಂದ್ಲು, ಪಾಸು” ಎಂದು ಹೇಳಿ ನನ್ನನ್ನು ಸೀದಾ ಅಡಿಗೆಕೋಣೆಗೆ ಕರೆದುಕೊಂಡು ಹೋದರು.

ಈ ಹಲಗೆಯ ಮೇಲೆ ನಿಂತಾಗ ಇನ್ನೊಂದು ವಿಷಯವೂ ತಿಳಿಯಿತು, ಅದನ್ನೂ ಹೇಳಿಬಿಡುತ್ತೇನೆ. ನೀವು ರಜೆಗೆ ಬಂದ ಮೊದಲ ವಾರ ಮನೆಯೊಳಗೆ ಕಾಲು ಅಗಲಿಸಿ ನಡೆಯುವುದನ್ನು ನೋಡಿ ನಾನು ಬಾತುಕೋಳಿ ಬಂತು ಎಂದು ತಮಾಷೆ ಮಾಡುತ್ತಿದ್ದೆ. ಸ್ನಾನದ ಕೋಣೆಯಲ್ಲಿ ಗೋಡೆಗೆ ಕೈ ಇಟ್ಟು ನಿಲ್ಲುತ್ತಿದ್ದಿರಿ. ಈಗ ಅರ್ಧ ದಿನ ಹಲಗೆಯ ಮೇಲೆ ನಿಂತು ಕೆಳಗಿಳಿದರೆ ನನಗೂ ನಮ್ಮ ಗಟ್ಟಿ ನೆಲವೇ ಸ್ವಲ್ಪ ಹೊತ್ತು ಓಲಾಡಿದ ಹಾಗಾಗುತ್ತದೆ. ಒಂದು ಮಧ್ಯಾಹ್ನ ಹಾಗೆ ಇಳಿದು ಗೋಡೆ ಹಿಡಿದುಕೊಂಡಾಗ ನಿಮ್ಮ ನೆನಪು ಬಂದು, ಕೆಲಸ ಬಿಟ್ಟು ಕೂತು ಅತ್ತುಬಿಟ್ಟೆ. ನೀವು ಅಲ್ಲಿ ಅಲ್ಲಾಡುವ ನೆಲದಲ್ಲಿ ನಿಂತು ಕೆಲಸ ಮಾಡುತ್ತೀರಿ, ಇಲ್ಲಿಗೆ ಬಂದರೆ ಅಲ್ಲಾಡದ ನೆಲವನ್ನೂ ಹೊಸದಾಗಿ ಕಲಿಯಬೇಕು. ಇಷ್ಟು ವರ್ಷ ಅದು ನನಗೆ ಹೊಳೆಯಲೇ ಇಲ್ಲ. ಬೇಸರ ಮಾಡಿಕೊಳ್ಳಬೇಡಿ, ಮುಂದಿನ ಸಲ ಬಾತುಕೋಳಿ ಎನ್ನುವುದಿಲ್ಲ.

ಸರಿ, ನಿಮ್ಮ ಕೆಲಸದ ವಿಷಯ. ಆಗಸ್ಟಿನಲ್ಲಿ ಅತ್ತೆ ತಲೆ ತಿರುಗಿ ಬಚ್ಚಲಿನಲ್ಲಿ ಕುಸಿದು ಕೂತರಲ್ಲ, ಆಗ ನೀವು ಹೆದರಿದ್ದು ನನಗೆ ಗೊತ್ತುಂಟು. ಸುಳ್ಯದ ಕಿವಿ ಡಾಕ್ಟರು ಇದು ಒಳಗಿವಿಯ ತೊಂದರೆ, ತಲೆಯದ್ದಲ್ಲ, ಮದ್ದಿಗೂ ವ್ಯಾಯಾಮಕ್ಕೂ ಬಗ್ಗುತ್ತದೆ ಎಂದರೂ ನಿಮ್ಮ ಮುಖದಲ್ಲಿ ಬಣ್ಣ ಬರಲಿಲ್ಲ. ಅತ್ತೆಗೆ ದಿನಕ್ಕೊಮ್ಮೆ ಆಚೆ ಮನೆಗೆ ಹೋಗದಿದ್ದರೆ ಆಗುವುದಿಲ್ಲ, ಹೇಳಿದರೆ ಕೇಳುವವರಲ್ಲ. ಅದಕ್ಕೆ ಹೊರಡುವ ಹಿಂದಿನ ದಿನ ತೋಡಿಗೆ ಹೋಗಿ ಸಂಕದ ಒಂದು ಮರ ಎತ್ತಿ ಈಚೆ ಬದಿಗೆ ಹಾಕಿದಿರಿ. ಒಂದೇ ಮರದ ಮೇಲೆ ಅಮ್ಮ ಕಾಲಿಡುವುದಿಲ್ಲ ಎಂದು ನಿಮ್ಮ ಲೆಕ್ಕ. ಸಂಕಕ್ಕೆ ಒಂದು ಮರ ನಮ್ಮದು, ಒಂದು ಅವರದ್ದು, ಅದು ಎರಡೂ ಮನೆಯ ಹಿಂದಿನಿಂದ ಬಂದ ಕ್ರಮ. ಅವರ ಮರ ಮುಟ್ಟುವ ಹಕ್ಕು ನಮಗಿಲ್ಲ ಎಂದು ನೀವು ಮರ್ಯಾದೆಯಿಂದ ನಮ್ಮದನ್ನು ಮಾತ್ರ ತೆಗೆದಿರಿ. ಎರಡನ್ನೂ ತೆಗೆದಿದ್ದರೆ ರಿಪೇರಿ ಎಂದುಕೊಳ್ಳುತ್ತಿದ್ದರು. ಒಂದನ್ನೂ ತೆಗೆಯದೆ ಕೈಗೆ ಸಿಗುವ ಹಾಗೆ ಒಂದು ಬಿದಿರು ಕಟ್ಟಿದ್ದರೆ ಇನ್ನೂ ಚಂದವಿತ್ತು. ಸುತ್ತಲೂ ಕಂಬಿ ಇರುವ ಹಡಗಿನಲ್ಲಿ ಓಡಾಡುವ ನಿಮಗೆ ಒಂದು ಬಿದಿರಿನ ನೆನಪಾಗಲಿಲ್ಲವಲ್ಲ!

ನಮ್ಮ ಮರ ಮಾತ್ರ ಎತ್ತುವುದಕ್ಕೆ ಏನು ಅರ್ಥ ಎಂದು ನನಗೂ ಆಗ ಗೊತ್ತಿರಲಿಲ್ಲ. ನವರಾತ್ರಿಯಲ್ಲಿ ಗೊತ್ತಾಯಿತು. ಪ್ರತಿ ವರ್ಷ ತೆನೆ ಕಟ್ಟುವ ದಿನ ದೊಡ್ಡಮ್ಮನ ಗದ್ದೆಯ ಹೊಸ ತೆನೆ ಸಂಕ ದಾಟಿ ನಮ್ಮ ಮನೆಗೆ ಬರುತ್ತದಲ್ಲ. ಅದರ ಕಾಳನ್ನು ಸುಲಿದು ಹೊಸ ಅಕ್ಕಿ ಊಟಕ್ಕೆ ಸೇರಿಸುವುದು. ಈ ವರ್ಷ ಬರಲಿಲ್ಲ. ಅತ್ತೆ ಮಿಂದು, ತೆನೆಯ ಜೊತೆ ಬಾಗಿಲಿಗೆ ಕಟ್ಟಲು ಮಾವಿನ ಎಲೆ, ಹಲಸಿನ ಎಲೆ ತಂದಿಟ್ಟುಕೊಂಡು ತೋಡಿನ ಬದಿಯಲ್ಲಿ ಕಾದರು. ಮಧ್ಯಾಹ್ನವಾಯಿತು. ಆಚೆ ಬದಿಯಲ್ಲಿ ಬೋಜಪ್ಪಣ್ಣ ಕಂಡರೂ ನಮ್ಮ ಕಡೆಗೆ ಮುಖ ತಿರುಗಿಸಲಿಲ್ಲ. ದೊಡ್ಡಮ್ಮನ ಮಗ ಅವರು, ಎಷ್ಟು ದೂರದಿಂದಲಾದರೂ ಕೂಗಿ ಮಾತಾಡುವ ಮನುಷ್ಯ. ಅತ್ತೆ ಒಳಗೆ ಬಂದು ಎಲೆಗಳನ್ನು ಹಟ್ಟಿಯ ದನಕ್ಕೆ ಹಾಕಿ, ಅಂಗಡಿ ಅಕ್ಕಿಯ ಅನ್ನ ಬಡಿಸಿ, ತಾವು ಊಟ ಮಾಡದೆ ಮಲಗಿದರು. ತಲೆ ತಿರುಗುತ್ತದಾ ಎಂದು ಕೇಳಿದೆ. “ಇಲ್ಲ. ನಂಗೆ ಅಕ್ಕನನ್ನು ನೋಡ್ಬೇಕು” ಎಂದರು.

ಮರುದಿನ ನಾನು ಸ್ಕೂಟರಿನಲ್ಲಿ ದೊಡ್ಡ ರಸ್ತೆಯ ಸೇತುವೆ ಸುತ್ತಿ ದೊಡ್ಡಮ್ಮನ ಮನೆಗೆ ಹೋದೆ. ಸೋಫಾದಲ್ಲಿ ಕೂರಿಸಿದರು. ಆ ಮನೆಯ ಸೋಫಾದಲ್ಲಿ ನಾನು ಕೂತದ್ದು ಅದೇ ಮೊದಲು. ಚಹಾ ಕೊಟ್ಟರು, ಬಿಸ್ಕಿಟ್ ಕೊಟ್ಟರು, ನವ್ಯಾಳ ಪರೀಕ್ಷೆ ಕೇಳಿದರು. ನಾನು ಅತ್ತೆಯ ಕಾಯಿಲೆ, ನಿಮ್ಮ ಹೆದರಿಕೆ ಎಲ್ಲವನ್ನೂ ಅವರ ಒಳ್ಳೆ ಕಿವಿಯ ಹತ್ತಿರ ಬಾಯಿ ಇಟ್ಟು ಹೇಳಿದೆ. ಅವರು ಸೆರಗಿನಿಂದ ಕನ್ನಡಕ ಒರೆಸುತ್ತಾ ಕೇಳಿ, ನೀವೂ ಬೋಜಪ್ಪಣ್ಣನೂ ಹುಟ್ಟುವ ಮೊದಲಿನ ಕಥೆ ಹೇಳಿದರು. ತೋಡಿನ ನೀರಿಗಾಗಿ ಎರಡು ಮನೆಯ ಹಿರಿಯರಿಗೆ ಜಗಳವಾಗಿ ನಿಮ್ಮ ಅಜ್ಜ ಹೀಗೆಯೇ ನಮ್ಮ ಮರ ಎತ್ತಿದ್ದರಂತೆ. ಇನ್ನು ಹೋಗಿಬರುವುದು ಇಲ್ಲ ಎಂದು ಅದಕ್ಕೆ ಅರ್ಥ. ಎರಡು ಮನೆಗೂ ಸೊಸೆಯರಾಗಿ ಬಂದಿದ್ದ ಅಕ್ಕ ತಂಗಿ ಗಂಡಸರಿಗೆ ಹೇಳದೆ ತಾವೇ ಆ ಮರ ಎಳೆದು ಮತ್ತೆ ಹಾಕಿದ್ದರಂತೆ. “ಆವತ್ತು ಅವಳೂ ನಾನೂ ಹಾಕಿದ ಮರ. ಈಗ ಅವಳ ಮಗ ತೆಗ್ದ. ಅವಳಿಗೆ ಗೊತ್ತಿಲ್ದೆ ತೆಗಿತಾನಾ? ನಂಗೆ ಬೇರೆ ಯಾರೂ ಬಂದು ಹೇಳುದು ಬೇಡ, ಪ್ರೇಮ ಬಂದು ಹೇಳ್ಲಿ” ಎಂದು ಅತ್ತೆಯ ಹೆಸರು ಹಿಡಿದೇ ಹೇಳಿದರು. ಕಣ್ಣು ತುಂಬಿತ್ತು. ನನ್ನದೂ ತುಂಬಿತು.

ಹಾಗಾದರೆ ಅತ್ತೆಯನ್ನು ಆಟೋದಲ್ಲಿ ಕರೆದುಕೊಂಡು ಹೋದರೆ ಮುಗಿಯಿತಲ್ಲ ಎಂದು ನೀವು ಈಗ ಹೇಳುತ್ತಿದ್ದೀರಿ, ನನಗೆ ಕೇಳಿಸುತ್ತಿದೆ. ನಾನೂ ಹಾಗೇ ಹೇಳಿದೆ. ಅತ್ತೆ ನನ್ನನ್ನು ನೋಡಿದ ನೋಟ ನಿಮಗೆ ಗೊತ್ತುಂಟು. “ಆಟೋದಲ್ಲಿ ಹೋದ್ರೆ ಅಂಗಳದಲ್ಲಿ ಇಳಿದು ಮುಂಬಾಗಿಲಿಗೆ ಹೋಗ್ಬೇಕು. ಅಕ್ಕನ ಮನೆಗೆ ನೆಂಟಳ ಹಾಗೆ ಹೋಗುದಾ ನಾನು? ಸಂಕದಿಂದ ಹೋದ್ರೆ ಸೀದಾ ಅಡಿಗೆಕೋಣೆ” ಎಂದರು. ಆ ಮನೆಯ ಸೋಫಾದಲ್ಲಿ ಕೂತು ಬಂದವಳಿಗೆ ಅದು ಅರ್ಥವಾಗದೆ ಇರುತ್ತದೆಯೇ? ಹಾಗಾದರೆ ನಾಳೆಯೇ ಮರ ಹಾಕಿಸುತ್ತೇನೆ ಎಂದೆ. ಅದಕ್ಕೂ ಬೇಡ ಎಂದರು. ಮರ ಹಾಕಿದ ಮೇಲೆ ತಾನು ದಾಟದೆ ಈಚೆಯೇ ನಿಂತರೆ, ತಾನಾಗಿಯೇ ಬೇಡ ಎಂದ ಹಾಗಾಗುತ್ತದೆ, ಕಾಲಿಗೆ ಧೈರ್ಯ ಬಂದ ಮೇಲೆ ಹಾಕುವ ಎಂದರು. ಆಮೇಲೆ ಆ ಮಾತು ಎತ್ತಲಿಲ್ಲ. ಸಂಜೆ ಕಿಟಕಿಯ ಬಳಿ ಕೂತು ನೇರಳೆ ಮರ ನೋಡುವುದು ಮಾತ್ರ ಬಿಡಲಿಲ್ಲ.

ಹಲಗೆ ಬಂದದ್ದು ಇದರ ನಡುವೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಪ್ರೆಸ್ಸಿಗೆ ಹೋಗಿ ಬಂದು ಮೇಜಿನ ಹತ್ತಿರ ನಿಂತರೆ, ಹಲಗೆ ನಾನು ಬಿಟ್ಟು ಹೋದ ಹಾಗೆ ಇರಲಿಲ್ಲ. ಅದರ ಮುಖ ಕಿಟಕಿಯ ಕಡೆಗೆ ತಿರುಗಿತ್ತು. ಮೇಜಿನ ಅಂಚಿನಲ್ಲಿ ತೆಂಗಿನೆಣ್ಣೆಯ ಬೆರಳ ಗುರುತು. ಅತ್ತೆ ಅಡಿಗೆಕೋಣೆಯಿಂದ ಬಹಳ ಮುಗ್ಧರ ಹಾಗೆ, ಬೆಕ್ಕು ಮೇಜು ಹತ್ತಿತ್ತು ಎಂದರು. ನಮ್ಮ ಬೆಕ್ಕು ತಲೆಗೆ ಎಣ್ಣೆ ಹಾಕುವುದು ನನಗೆ ಗೊತ್ತಿರಲಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ, ತಲೆ ತಿರುಗುವ ಹೆಂಗಸು, ಅಲ್ಲಾಡುವ ಹಲಗೆಯ ಮೇಲೆ! ಹಲಗೆಯನ್ನು ಅಟ್ಟಕ್ಕೆ ಎಸೆದುಬಿಡೋಣ ಎಂದು ಕೈಗೆ ಎತ್ತಿಕೊಂಡಿದ್ದೆ ಕೂಡ. ಎತ್ತಿಕೊಂಡಾಗ ಹೊಳೆಯಿತು, ನೀವು ಸಂಕದ ಮರ ಎತ್ತಿದ್ದೂ ಹೀಗೆಯೇ, ಇದೇ ಹೆದರಿಕೆಯಿಂದಲೇ ಇರಬೇಕು ಎಂದು. ಹಲಗೆಯನ್ನು ಇದ್ದಲ್ಲೇ ಇಟ್ಟೆ. ನಿಮ್ಮ ಮೇಲೆ ಇದ್ದ ಸಿಟ್ಟು ಆ ಹೊತ್ತಿಗೆ ಅರ್ಧ ಇಳಿಯಿತು.

ಸುಳ್ಯದ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ತಲೆ ತಿರುಗುವುದು ನಿಂತಿದ್ದರೆ ಇಂಥದ್ದು ಒಳ್ಳೆಯದೇ, ಆದರೆ ಹಿಡಿಯಲಿಕ್ಕೆ ಎದುರು ಗಟ್ಟಿ ಮೇಜಿರಬೇಕು, ಪಕ್ಕದಲ್ಲಿ ಒಬ್ಬರು ಇರಲೇಬೇಕು, ಒಬ್ಬರೇ ಮಾಡಬಾರದು ಎಂದರು. ನಮ್ಮ ಅತ್ತೆಗೆ ಪಕ್ಕದಲ್ಲಿ ಇರುತ್ತೇನೆ ಎಂದು ಹೇಳಿದರೆ ಹಲಗೆಯ ಹತ್ತಿರವೇ ಬರುವುದಿಲ್ಲ. ಆದ್ದರಿಂದ ನಾನೊಂದು ನಾಟಕ ಹೂಡಿದೆ. ನನಗೆ ಇನ್ನೂ ಸರಿಯಾಗಿ ನಿಲ್ಲಲು ಬರುವುದಿಲ್ಲ, ನೀವೇ ಒಮ್ಮೆ ನಿಂತು ತೋರಿಸಿಕೊಡಿ ಎಂದೆ. ಅವರು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ನನಗೆ ಕಲಿಸಲಿಕ್ಕೆಂದೇ ಹಲಗೆ ಹತ್ತಿದರು. ಎರಡು ಕೈ ಮೇಜಿನ ಮೇಲೆ, ಆಮೇಲೆ ಒಂದು ಕೈ, ಆಮೇಲೆ ಒಂದೇ ಬೆರಳು. ನನಗೆ ಅಂದು ಕೊಟ್ಟಿದ್ದ ಆ ಬೆರಳು. ನಾನು ಪಕ್ಕದಲ್ಲಿ ಪ್ರೂಫ್ ಹಿಡಿದು ನಿಂತಿದ್ದೆ, ಒಂದು ಅಕ್ಷರವೂ ತಲೆಗೆ ಹೋಗಲಿಲ್ಲ. ಅಂದಿನಿಂದ ದಿನಾ ಬೆಳಿಗ್ಗೆ ಇದೇ ಪಾಠ. ನಾನು ಬೇಕೆಂದೇ ವಾಲುತ್ತೇನೆ, ಅವರು ಬೈಯುತ್ತಾರೆ, ಹತ್ತಿ ತೋರಿಸುತ್ತಾರೆ. ಅವರಿಗೆ ನನ್ನ ನಾಟಕ ಮೊದಲ ದಿನವೇ ಗೊತ್ತಾಗಿದೆ ಎಂದು ನನಗೆ ಅನುಮಾನ. ಗೊತ್ತಾಗಿಯೂ ಅವರು ಕಲಿಸುತ್ತಾರೆ, ನಾನೂ ಕಲಿಯುತ್ತೇನೆ. ಡಾಕ್ಟರು ಕಳೆದ ವಾರ ಕಣ್ಣು ಮುಚ್ಚಿಸಿ ನಿಲ್ಲಿಸಿ, ನಡೆಸಿ ನೋಡಿ ಅಡ್ಡಿಯಿಲ್ಲ ಎಂದು ತಲೆಯಾಡಿಸಿದರು.

ಮೊನ್ನೆ ಹಲಗೆಯಿಂದ ಇಳಿದವರೇ ಅತ್ತೆ ಹೇಳಿದರು, “ಮರ ಹಾಕ್ಸು. ಆದಿತ್ಯವಾರ ಹೋಗ್ತೇನೆ.” ನಿನ್ನೆ ಕೆಲಸದವರಿಂದ ಬೇರೆ ಗಟ್ಟಿ ಮರವೊಂದನ್ನು ಹಾಕಿಸಿದೆ. ನೀವು ಎತ್ತಿ ಹಾಕಿದ್ದು ಒರಲೆ ಹಿಡಿದು ಒಳಗೆ ಟೊಳ್ಳಾಗಿತ್ತು. ನಮ್ಮ ಬದಿ ಕಲ್ಲಿಗೆ ಕೂರಿಸಿ, ಆಚೆ ತುದಿಯನ್ನು ಹಾಗೇ ಬಿಟ್ಟು ಬರಬೇಕಾಯಿತು, ಆಚೆ ಬದಿಯಲ್ಲಿ ಮರ ಬಿಗಿಯುವುದು ಆಚೆ ಮನೆಯವರ ಕೆಲಸ. ಸಂಜೆ ನೋಡಿದರೆ ಬೋಜಪ್ಪಣ್ಣ ಬಂದು ಆಚೆ ತುದಿಗೆ ಗೂಟ ಹೊಡೆದು ಬಿಗಿದಿದ್ದರು. ಅಷ್ಟೇ ಅಲ್ಲ, ಈಚೆಯಿಂದ ಆಚೆಯವರೆಗೆ ಸೊಂಟದ ಎತ್ತರಕ್ಕೆ ಒಂದು ಬಿದಿರು ಕಟ್ಟಿದ್ದರು. ನಾನು ಹೇಳಿದ್ದನ್ನು ದೊಡ್ಡಮ್ಮ ಪೂರ್ತಿ ಕೇಳಿಸಿಕೊಂಡಿದ್ದಾರೆ ಎಂದು ಆಗ ಗೊತ್ತಾಯಿತು.

ಆದರೂ ಇದನ್ನು ಬರೆಯುವಾಗ ನನಗೆ ಹೆದರಿಕೆ ಉಂಟು, ಸುಳ್ಳು ಯಾಕೆ ಹೇಳಲಿ. ಮನೆಯೊಳಗಿನ ಹಲಗೆಯ ಕೆಳಗೆ ಸಿಮೆಂಟು ನೆಲ, ಎದುರು ಆಚಾರಿಯ ಮೇಜು. ಅಲ್ಲಿ ಕೆಳಗೆ ಹರಿಯುವ ನೀರು. ನೀರು ಈಗ ಮೊಣಕಾಲಿಗಷ್ಟೇ, ಆದರೆ ಹರಿಯುವುದನ್ನು ನೋಡಿದರೆ ಗಟ್ಟಿ ತಲೆಯೂ ತಿರುಗುತ್ತದೆ. ಒಮ್ಮೆಗೆ ಒಬ್ಬರೇ ದಾಟಬೇಕು, ಇಬ್ಬರು ಹತ್ತಿದರೆ ಸಂಕ ತೂಗುತ್ತದೆ. ಆದ್ದರಿಂದ ನಾನು ಸೀರೆ ಎತ್ತಿ ಕಟ್ಟಿ ನೀರಿಗಿಳಿದು ಅವರ ಪಕ್ಕದಲ್ಲೇ ನಡೆಯುತ್ತೇನೆ. ಬೇಡ ಎಂದರೆ ಚಪ್ಪಲಿ ತೊಳೆಯಲಿಕ್ಕೆ ಇಳಿದೆ ಎನ್ನುತ್ತೇನೆ. ನಿಮ್ಮನ್ನು ಕೇಳದೆ ಇಷ್ಟು ಮಾಡಿದ್ದಕ್ಕೆ ಸಿಟ್ಟು ಬಂದರೆ ಬರಲಿ. ಕೇಳಿದ್ದರೆ ನೀವು ಬೇಡ ಎನ್ನುತ್ತಿದ್ದಿರಿ, ನಿಮ್ಮ ಬೇಡದಲ್ಲಿಯೂ ಪ್ರೀತಿಯೇ ಇರುವುದು, ನನಗೆ ಗೊತ್ತು. ಆದರೆ ಅತ್ತೆ ಬೀಳದ ಹಾಗೆ ನಾವು ಕಾದುಕೊಂಡು ಕೂತರೆ, ಅವರು ಅಕ್ಕನನ್ನು ನೋಡದೆಯೇ ಆ ಕಿಟಕಿಯ ಬಳಿ ಮುದುಕಿಯಾಗುತ್ತಾರೆ. ಅದು ನನಗೆ ನೋಡಲಿಕ್ಕೆ ಆಗುವುದಿಲ್ಲ.

ನವ್ಯಾ ನಿಮಗೊಂದು ಹಡಗಿನ ಚಿತ್ರ ಬಿಡಿಸಿ ಇದರೊಳಗೆ ಇಟ್ಟಿದ್ದಾಳೆ, ಹಡಗಿನ ಅಡಿಯಲ್ಲಿ ನನ್ನ ಹಲಗೆಯ ಉಬ್ಬನ್ನೂ ಬರೆದಿದ್ದಾಳೆ. ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಕಷಾಯಕ್ಕೆ ಸಕ್ಕರೆ ಹಾಕಬಾರದಂತೆ, ಬೆಲ್ಲವೇ ಆಗಬೇಕಂತೆ. ಹಡಗಿನಲ್ಲಿ ಬೆಲ್ಲ ಎಲ್ಲಿಂದ ಎಂದರೆ ಅದನ್ನೂ ಕಟ್ಟಿ ಕೊಟ್ಟಿದ್ದಾರೆ. ಜಾಗ್ರತೆಯಲ್ಲಿರಿ. ಊರ ದೈವಗಳು ನಿಮ್ಮನ್ನು ನೀರಿನ ಮೇಲೂ ಕಾಯಲಿ.

ನಿಮ್ಮ
ಊರ್ಮಿಳಾ

ಮರೆತ ಮಾತು, ಆದಿತ್ಯವಾರ ಬೆಳಿಗ್ಗೆ:

ಅವಿನ್ ಬಂದು ಜಗಲಿಯಲ್ಲಿ ಚಹಾ ಕುಡಿಯುತ್ತಿದ್ದಾನೆ, ಬೈಕು ಆಫ್ ಮಾಡಲೂ ಒಪ್ಪಲಿಲ್ಲ, ಆದ್ದರಿಂದ ಬೇಗ ಬೇಗ ಬರೆಯುತ್ತೇನೆ. ಈ ಸಲ ಅಕ್ಷರ ಸೊಟ್ಟ ಆದದ್ದು ಹಲಗೆಯಿಂದಲ್ಲ, ನನ್ನ ಕೈಯೇ ನಡುಗುತ್ತಿದೆ. ಅತ್ತೆ ಬೆಳಿಗ್ಗೆ ಮಿಂದು, ಕಾಫಿಯೂ ಕುಡಿಯದೆ ಹೊರಟರು. ನಾನು ನೀರಿಗಿಳಿದೆ, ಅವರು ಬೈಯಲೂ ಇಲ್ಲ. ಒಂದು ಕೈ ಬಿದಿರಿನ ಮೇಲಿಟ್ಟು ನಡೆದರು. ಸಂಕದ ನಡುವಿಗೆ ಮುಟ್ಟಿದಾಗ ಗಕ್ಕನೆ ನಿಂತುಬಿಟ್ಟರು. ತಲೆ ತಿರುಗಿತು ಎಂದುಕೊಂಡು ನಾನು ಎರಡು ಕೈ ಮೇಲೆತ್ತಿದೆ. ನೋಡಿದರೆ ಆಚೆ ಬದಿಯಲ್ಲಿ ದೊಡ್ಡಮ್ಮ ಕೋಲೂರಿ ಬಂದು, ನೇರಳೆ ಮರಕ್ಕೆ ಸರಿಯಾಗಿ ಅಡ್ಡ ನಿಂತಿದ್ದಾರೆ. ಅತ್ತೆ ಸಂಕದ ನಡುವಿನಿಂದ ದೊಡ್ಡ ಸ್ವರದಲ್ಲಿ, “ಅಕ್ಕ, ಮರ ಕಾಣುದಿಲ್ಲ, ಸ್ವಲ್ಪ ಬದಿಗೆ ಹೋಗು!” ಎಂದರು. ಇಷ್ಟು ದಿನಗಳ ನಂತರ ಅವರು ಆಡಿದ ಮೊದಲ ಮಾತು ಅದು. ಕಿವಿ ಕೇಳದ ದೊಡ್ಡಮ್ಮನಿಗೆ ಅದು ಕೇಳಿಸಿತು. “ಮರ ಎಂತಕ್ಕೆ ನಿಂಗೆ? ನನ್ನನ್ನು ನೋಡಿಕೊಂಡು ಬಾ” ಎಂದರು.

ಅತ್ತೆ ದಾಟಿದರು. ಹತ್ತಿರ ಹೋಗಿ, ಮರ ತೆಗೆದದ್ದು ತನಗೆ ಮೊದಲು ಗೊತ್ತಿರಲಿಲ್ಲ, ಮಗ ತನ್ನ ಮೇಲಿನ ಹೆದರಿಕೆಯಿಂದ ತೆಗೆದ ಎಂದರು. ಗೊತ್ತುಂಟು ಎಂದರು ದೊಡ್ಡಮ್ಮ. ಗೊತ್ತಿದ್ದರೆ ಇಷ್ಟು ದಿನ ಯಾಕೆ ಎಂದು ಇವರು, ನೀನು ಬಾರದೆ ಮತ್ತೆಂತ ಎಂದು ಅವರು, ಹಾಗೇ ಬೈದುಕೊಳ್ಳುತ್ತಾ ಇಬ್ಬರೂ ಅಡಿಗೆಕೋಣೆಗೆ ಹೋದರು. ನಾನು ಒದ್ದೆ ಸೀರೆಯಲ್ಲಿ ಹಿಂದೆ ಹೋದೆ. ಅಲ್ಲಿ ಒಲೆಯ ಮೇಲಿನ ಅಟ್ಟದ ಕೋಲಿಗೆ ಎರಡು ಕಟ್ಟು ತೆನೆ ನೇತಾಡುತ್ತಿತ್ತು. ಒಂದು ಕಟ್ಟು ಅವರದ್ದು, ಕಾಳು ಸುಲಿದು ಮುಗಿದಿತ್ತು. ಇನ್ನೊಂದರಲ್ಲಿ ಒಂದು ಕಾಳೂ ಹೋಗಿರಲಿಲ್ಲ. ನವರಾತ್ರಿಯಲ್ಲಿ ನಮ್ಮ ಪಾಲಿಗೆಂದು ಕಟ್ಟಿ, ಕಳಿಸಲೂ ಮನಸ್ಸಾಗದೆ, ತೆಗೆಯಲೂ ಮನಸ್ಸಾಗದೆ ದೊಡ್ಡಮ್ಮ ಹಾಗೇ ಬಿಟ್ಟಿದ್ದರು. ಹೊಗೆ ಹಿಡಿದು ಕಪ್ಪಾಗಿದೆ. ಅತ್ತೆ ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ನೆಲದಲ್ಲಿ ಕೂತರು.

ಅವರು ಇನ್ನೂ ಆಚೆಯೇ ಇದ್ದಾರೆ, ನಾಳೆ ಬರುತ್ತಾರಂತೆ. ನೀವು ಮಾರ್ಚಿನಲ್ಲಿ ಬಂದಾಗ ಆಟೋದಲ್ಲಿ ಸುತ್ತಿ ಹೋಗಬೇಡಿ, ಸಂಕದ ಮೇಲಿಂದಲೇ ದೊಡ್ಡಮ್ಮನಲ್ಲಿಗೆ ಹೋಗಿ ಬೈಸಿಕೊಂಡು ಬನ್ನಿ, ಕಾದಿದ್ದಾರೆ. ನಮ್ಮ ಪಾಲಿನ ತೆನೆಯಲ್ಲಿ ಒಂದನ್ನು ಈ ಕಾಗದದೊಳಗೆ ಇಟ್ಟಿದ್ದೇನೆ, ನಿಮ್ಮ ಕೋಣೆಯ ಬಾಗಿಲಿಗೆ ಕಟ್ಟಿಕೊಳ್ಳಿ. ದಾರಿಯಲ್ಲಿ ಕಾಳು ಉದುರಿದ್ದರೆ ಅವಿನ್‌ಗೆ ಬೈಯಬೇಡಿ, ಹೆಕ್ಕಿ ಇಟ್ಟುಕೊಳ್ಳಿ.